ಅಣ್ಣನ ಮಗ ತಂದ ಬಾಟಲಿ: ಭುಜದ ನೋವಿಗೆ ಬಿಪಿಸಿ-157 ಚುಚ್ಚಿಸಿಕೊಳ್ಳಬಹುದಾ?

ಸಂಕದಾಚೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಅಡಿಕೆ ರೇಟು, ಮಳೆ ಬಿಟ್ಟು ಬೇರೆ ವಿಷಯ ಇಲ್ಲಿ ಕೇಳ್ತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನಮ್ಮದು ನಗರದ ಹತ್ತಿರ ಒಂದು ಹಳ್ಳಿ. ನಗರ ಅಂದ್ರೆ ಪೇಟೆ ಅಂದ್ಕೋಬೇಡಿ, ಬಿದನೂರು ನಗರ. ಆಷಾಢದಲ್ಲಿ ತೋಟಕ್ಕೆ ಎರಡನೇ ಮದ್ದು ಹೊಡೆಸೋ ದಿನ, ಮೈಲುತುತ್ತ ಕರಗಿಸಿದ ಕೊಡ ಹಿಡ್ಕೊಂಡು ಸಂಕ ದಾಟ್ತಿದ್ದೆ. ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ, ಮೇಲೆಲ್ಲ ಹಾವಸೆ. ಮೂವತ್ತು ವರ್ಷದಿಂದ ಅದೇ ಸಂಕ, ಅದೇ ಕಾಲು. ಅವತ್ತು ಜಾರಿತು. ಬೀಳಬಾರದು ಅಂತ ಬಲಗೈಲಿ ದಂಡೆ ಮೇಲಿನ ಗಿಡ ಹಿಡಿದೆ. ಮೈ ಕೆಳಗೆ ಹೋಯ್ತು, ಕೈ ಮೇಲೇ ಉಳೀತು. ಭುಜದೊಳಗೆ ಒಣ ಹಾಳೆ ಸೀಳಿದ ಹಂಗೆ ಒಂದು ಸದ್ದು. ಕೊಡ ಹಳ್ಳಕ್ಕೆ ಬಿದ್ದು ನೀರೆಲ್ಲ ನೀಲಿ. ನನಗೆ ಮೊದಲು ಹೊಟ್ಟೆ ಉರಿದಿದ್ದು ಮೈಲುತುತ್ತಕ್ಕೆ, ಕೈಗಲ್ಲ.

ಮೊದಲು ಎಣ್ಣೆ ತಿಕ್ಕಿಸಿದೆ. ಆಮೇಲೆ ನಾಟಿ ಔಷಧಿಯವರ ಹತ್ತಿರ ಪಟ್ಟು ಹಾಕಿಸಿದೆ. ಮೂರು ವಾರ ಕಳೆದ ಮೇಲೆ ಮನೆಯವಳ ಕಾಟಕ್ಕೆ ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಭುಜದ ಮೇಲಿನ ಒಂದು ಸ್ನಾಯುರಜ್ಜು, ಸುಪ್ರಾಸ್ಪಿನೇಟಸ್ ಅಂತೆ, ಅರ್ಧಂಬರ್ಧ ಹರಿದಿದೆ. ಪೂರ್ತಿ ಹರಿದಿಲ್ಲ, ಆಪರೇಷನ್ ಬೇಡ, ಮೂರು ತಿಂಗಳು ಫಿಸಿಯೋಥೆರಪಿ ಮಾಡಿ, ಸಕ್ಕರೆ ಇಳಿಸಿ ಅಂದ್ರು. ನನ್ನ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ಪರೀಕ್ಷೆ) 8.4 ಇದೆ. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ರೆ ಸಕ್ಕರೆ ಇನ್ನೂ ಏರುತ್ತೆ, ಈಗ ಬೇಡ ಅಂದ್ರು. ಬಲಗೈ ಮಗ್ಗುಲಿಗೆ ಮಲಗೋ ಹಾಗಿಲ್ಲ. ಅಂಗಿ ತೋಳು ಹಾಕ್ಕೊಳ್ಳೋಕೆ ಇನ್ನೊಬ್ಬರು ಬೇಕು. ನಾಗಂದಿಗೆ ಮೇಲಿನ ಡಬ್ಬಿ ತೆಗೀಬೇಕಾದ್ರೆ ಮಗಳನ್ನ ಕರೀಬೇಕು.

ಈಗ ವಿಷಯಕ್ಕೆ ಬರ್ತೀನಿ. ಚೌತಿಗೆ ಅಣ್ಣನ ಮಗ ಬೆಂಗಳೂರಿಂದ ಬಂದಿದ್ದ. ಜಿಮ್ಮಿಗೆ ಹೋಗೋ ಹುಡುಗ. "ಚಿಕ್ಕಪ್ಪ, ಇದನ್ನ ಒಂದು ತಿಂಗಳು ಹೊಟ್ಟೆ ಚರ್ಮದಡಿ ಚುಚ್ಚಿಕೊಳ್ಳಿ, ಭುಜ ಹೊಸದಾಗುತ್ತೆ" ಅಂತ ಎರಡು ಪುಟ್ಟ ಗಾಜಿನ ಬಾಟಲಿ ಕೊಟ್ಟ. ಬಿಪಿಸಿ-157 ಅಂತೆ, ಪೆಪ್ಟೈಡ್ ಅಂತೆ, ನಮ್ಮ ಹೊಟ್ಟೆ ರಸದಲ್ಲೇ ಇರೋದಂತೆ. ಒಂದೊಂದರಲ್ಲಿ 5 ಮಿಲಿಗ್ರಾಂ. ಬಾಟಲಿ ತಳದಲ್ಲಿ ಬಿಳೀ ಪುಡಿ, ಚಳಿಗಾಲದಲ್ಲಿ ಎಲೆ ಮೇಲೆ ಕೂತ ಇಬ್ಬನಿಯಷ್ಟು. ಅಲ್ಲಾಡಿಸಿದ್ರೂ ಸದ್ದಿಲ್ಲ. ಮೇಲಿನ ಚೀಟಿ ಓದಿದ್ರೆ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ" ಅಂತ ಇಂಗ್ಲಿಷಲ್ಲಿ ಬರೆದಿದೆ. ಇದೆಂತದಾ ಅಂದ್ರೆ ನಕ್ಕ. "ಅದು ಕಾನೂನಿಗೆ ಬರೆಯೋದು ಚಿಕ್ಕಪ್ಪ, ಎಲ್ಲರೂ ತಗೊಳ್ತಾರೆ."

ಫ್ರಿಜ್ಜಿನಲ್ಲಿ ಮಜ್ಜಿಗೆ ಪಾತ್ರೆ ಪಕ್ಕ ಇಟ್ಟಿದೀನಿ. ಮಧ್ಯೆ ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ಅದಕ್ಕೇನಾಯ್ತೋ ಗೊತ್ತಿಲ್ಲ.

ಇದು ನಿಜವಾಗ್ಲೂ ಹರಿದ ರಜ್ಜು ಕೂಡಿಸುತ್ತಾ? ಸಕ್ಕರೆ ಇರೋರು ತಗೋಬಹುದಾ? ಹುಡುಗ ಒಳ್ಳೇವನು, ಪ್ರೀತಿಯಿಂದ ದುಡ್ಡು ಹಾಕಿ ತಂದಿದಾನೆ. ಸುಮ್ಮನೆ ಬೈಬೇಡಿ. ಗೊತ್ತಿದ್ದವರು ಹೇಳಿ.

ತುಂಗಾತೀರ ಜಿಮ್

ಅಣ್ಣ, ಧೈರ್ಯವಾಗಿ ತಗೊಳ್ಳಿ. ನಾನು ಮೊಣಕೈ ನೋವಿಗೆ ಆರು ವಾರ ತಗೊಂಡೆ. ಈಗ ಪುಲ್‌ಅಪ್ ಹೊಡೀತೀನಿ. ಯಾವ ತೊಂದರೆನೂ ಆಗಿಲ್ಲ. ಇಲಿಗಳ ಮೇಲೆ ಎಷ್ಟೋ ಪ್ರಯೋಗ ಆಗಿದೆ, ಎಲ್ಲದರಲ್ಲೂ ಕೆಲಸ ಮಾಡಿದೆ. ಡಾಕ್ಟರುಗಳಿಗೆ ಇದರ ಬಗ್ಗೆ ಗೊತ್ತಿರಲ್ಲ ಅಷ್ಟೇ.

ಮದ್ದಿನಂಗಡಿ (ಶಿವಮೊಗ್ಗ)

ದುರ್ಗಿಗುಡಿ ಕಡೆ ಔಷಧಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಇತ್ತೀಚೆಗೆ ಹುಡುಗರು ಬಂದು "ಬೆರೆಸೋ ನೀರು ಮಾತ್ರ ಕೊಡಿ, ಇನ್ಸುಲಿನ್ ಸಿರಿಂಜ್ ಕೊಡಿ" ಅಂತಾರೆ. ಯಾವುದಕ್ಕೆ ಅಂತ ಕೇಳಿದ್ರೆ ಮುಖ ಆ ಕಡೆ ತಿರುಗಿಸ್ತಾರೆ.

ಬಿಪಿಸಿ-157ಕ್ಕೆ ನಮ್ಮ ದೇಶದಲ್ಲಿ ಔಷಧಿಯಾಗಿ ಅನುಮತಿ ಇಲ್ಲ. ಅಮೆರಿಕದಲ್ಲೂ ಇಲ್ಲ. ಅಲ್ಲಿ ಕೆಲವು ಅಂಗಡಿಗಳು ವೈದ್ಯರ ಚೀಟಿ ಮೇಲೆ ತಾವೇ ಔಷಧಿ ಬೆರೆಸಿ ಕೊಡೋ ಪದ್ಧತಿ ಇದೆ. 2023ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಗೆ ಬೆರೆಸಿದರೆ ಸುರಕ್ಷತೆಯ ಆತಂಕ ಇರೋ ಪದಾರ್ಥಗಳ ಪಟ್ಟಿಗೆ ಇದನ್ನೂ ಸೇರಿಸಿತು. ದೇಹ ಇದರ ವಿರುದ್ಧ ತಿರುಗಿಬೀಳಬಹುದು, ಪೆಪ್ಟೈಡಿನ ಕಲ್ಮಶ ಇರಬಹುದು ಅನ್ನೋದು ಅವರು ಕೊಟ್ಟ ಕಾರಣ.

ಸಂಕದವರೇ, ನಿಮ್ಮ ಹುಡುಗ ಹೇಳಿದ "ಕಾನೂನಿಗೆ ಬರೆಯೋದು" ಅರ್ಧ ನಿಜ. ಆ ಒಂದು ಸಾಲು ಬರೆದು ಮಾರುವವನು ಔಷಧಿ ಕಾರ್ಖಾನೆಯ ನಿಯಮಗಳಿಂದ ನುಣುಚಿಕೊಳ್ಳೋಕೆ ನೋಡ್ತಾನೆ. ಔಷಧಿಯ ಇಂಜೆಕ್ಷನ್ ಆದರೆ ಒಳಗೆ ಜೀವಂತ ರೋಗಾಣು ಇರಬಾರದು, ಸತ್ತ ರೋಗಾಣುವಿನ ಚೂರೂ ಮಿತಿ ಮೀರಬಾರದು. ಆ ಚೂರಿಗೆ ಎಂಡೋಟಾಕ್ಸಿನ್ ಅಂತೀವಿ. ಅದು ಜಾಸ್ತಿ ಇದ್ದರೆ ನಡುಕ ಬಂದು ಜ್ವರ ಏರುತ್ತೆ. ಕುದಿಸಿದ್ರೂ ಹೋಗಲ್ಲ.

ಕರೆಂಟ್ ಹೋದದ್ದರ ಚಿಂತೆ ಬಿಡಿ. ಒಣ ಪುಡಿ ಮೂರು ದಿನಕ್ಕೆ ಹಾಳಾಗದೆ ಇರಬಹುದು. ಬಾಟಲಿಗೆ ಹಾಕುವಾಗಲೇ ಒಳಗೆ ಎಂತ ಬಿತ್ತು ಅನ್ನೋದು ದೊಡ್ಡ ಪ್ರಶ್ನೆ. ನೀವು ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡೋ ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡ್ತೀರಲ್ಲ? ಕತ್ತಿ ಕೆಂಪಗಾದ್ರೆ ಹುಳಿ ಜಾಸ್ತಿ, ಇನ್ನಷ್ಟು ಸುಣ್ಣ ಹಾಕ್ತೀರಿ. ಈ ಬಾಟಲಿಗೆ ಅದ್ದೋ ಕತ್ತಿ ನನ್ನ ಅಂಗಡಿಯಲ್ಲೂ ಇಲ್ಲ, ನಿಮ್ಮ ಮನೇಲೂ ಇಲ್ಲ.

ಓಟಗಾರ್ತಿಯ ಅಪ್ಪ

ಭುಜದವರಿಗೆ ಸಂಬಂಧ ಇಲ್ಲದ ಮಾತು, ಆದ್ರೂ ಹುಡುಗರು ಓದ್ತಿದ್ರೆ ಇರಲಿ. ಮಗಳು ರಾಜ್ಯ ಮಟ್ಟದಲ್ಲಿ ಓಡ್ತಾಳೆ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯೋ ವಿಶ್ವ ಸಂಸ್ಥೆ ವಾಡಾದವರ ನಿಷೇಧದ ಪಟ್ಟಿಯಲ್ಲಿ 2022ರಿಂದ ಬಿಪಿಸಿ-157 ಹೆಸರು ಹಿಡಿದೇ ಇದೆ. ಪಂದ್ಯ ಇರಲಿ ಇಲ್ಲದಿರಲಿ, ಯಾವಾಗಲೂ ನಿಷೇಧ. ನೋವು ವಾಸಿಯಾಗೋಕೆ ತಗೊಂಡೆ ಅಂದ್ರೆ ಕೇಳಲ್ಲ.

ಹಳೇ ಮೇಷ್ಟ್ರು (ಸಾಗರ)

ಕಾಲೇಜಿನಲ್ಲಿ ಜೀವರಸಾಯನ ಪಾಠ ಮಾಡಿ ನಿವೃತ್ತನಾದವನು. ಕೇಳಿದ್ದಕ್ಕೆ ಉತ್ತರ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ. ಪಾಠದ ಚಟ ಹೋಗಿಲ್ಲ, ಕ್ಷಮಿಸಿ.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಪುಟ್ಟ ಮಾಲೆ. ಉದ್ದವಾದರೆ ಪ್ರೋಟೀನ್ ಎನ್ನುತ್ತೇವೆ. ಹೆಸರು ಕೇಳಿ ಹೊಸದೇನೋ ಎಂದು ಬೆರಗಾಗಬೇಕಿಲ್ಲ. ನಿಮ್ಮಲ್ಲಿ ಎಷ್ಟೋ ಜನ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ 51 ಮಣಿಗಳದ್ದು. ಹೆರಿಗೆಯಲ್ಲಿ ಕೊಡುವ ಆಕ್ಸಿಟೋಸಿನ್ ಬರೀ 9 ಮಣಿ. ಅದನ್ನು ಪ್ರಯೋಗಶಾಲೆಯಲ್ಲಿ ಪೋಣಿಸಿದ್ದು ವಿನ್ಸೆಂಟ್ ಡು ವಿನ್ಯೋ, 1953ರಲ್ಲಿ. ಎರಡು ವರ್ಷಕ್ಕೆ ನೊಬೆಲ್ ಬಂತು.

ನಮ್ಮ ಮಲೆನಾಡಿಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. ಉಂಬಳ ಕಚ್ಚಿ ಬಿದ್ದುಹೋದ ಮೇಲೂ ಕಾಲಿಂದ ರಕ್ತ ಸುರಿಯುತ್ತಲೇ ಇರುತ್ತದಲ್ಲ, ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇದೆ. ನಮ್ಮ ಉಂಬಳದ್ದಲ್ಲ, ಯುರೋಪಿನ ನೀರಿನ ಜಿಗಣೆಯಿಂದ ತೆಗೆದದ್ದಕ್ಕೆ ಹಿರುಡಿನ್ ಎಂದು ಹೆಸರು; 65 ಮಣಿಗಳ ಮಾಲೆ. ಅದನ್ನು ನೋಡಿಕೊಂಡು 20 ಮಣಿಯ ಕೃತಕ ಪೆಪ್ಟೈಡ್ ಒಂದನ್ನು ತಯಾರಿಸಿದರು. ಬೈವ್ಯಾಲಿರುಡಿನ್. ಹೃದಯದ ರಕ್ತನಾಳ ಬಿಡಿಸುವಾಗ ಕೊಡುತ್ತಾರೆ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಅನುಮತಿ ಸಿಕ್ಕಿತು, ಸಾವಿರಾರು ರೋಗಿಗಳ ಮೇಲೆ ಹಳೆಯ ಔಷಧಿಯೊಂದಿಗೆ ಹೋಲಿಸಿ ನೋಡಿದ ಮೇಲೆ. ಕೃತಕ ಪೆಪ್ಟೈಡ್ ಎಂದ ಮಾತ್ರಕ್ಕೆ ನಾನು ಮೂಗು ಮುರಿಯುವವನಲ್ಲ ಎನ್ನಲು ಇದನ್ನು ಹೇಳಿದೆ.

ಬಿಪಿಸಿ-157 ಹದಿನೈದು ಮಣಿಯದ್ದು. ಕ್ರೊಯೇಷಿಯಾದ ಜಾಗ್ರೆಬ್ ವಿಶ್ವವಿದ್ಯಾಲಯದ ಪ್ರೆಡ್ರಾಗ್ ಸಿಕಿರಿಚ್ ಮತ್ತು ಅವರ ತಂಡ 1990ರ ದಶಕದ ಆರಂಭದಿಂದ ಇದರ ಬೆನ್ನು ಹತ್ತಿದ್ದಾರೆ. ಮನುಷ್ಯನ ಜಠರರಸದಲ್ಲಿನ ಪ್ರೋಟೀನೊಂದರ ತುಣುಕು ಎಂಬುದು ಅವರ ಮಾತು. ಮೊದಲು ನೋಡಿದ್ದು ಇಲಿಗಳ ಹೊಟ್ಟೆ ಹುಣ್ಣಿನ ಮೇಲೆ. ಆಮೇಲೆ ಸ್ನಾಯು, ಮೂಳೆ, ಮೊಣಕಾಲಿನ ಕಟ್ಟು. 2003ರಲ್ಲಿ ಇಲಿಯ ಹಿಮ್ಮಡಿ ರಜ್ಜು ಕತ್ತರಿಸಿ ಇದನ್ನು ಕೊಟ್ಟು, ಕೊಡದ ಇಲಿಗಿಂತ ಬೇಗ ಗಟ್ಟಿಯಾಯಿತು ಎಂದು ಬರೆದರು. 2011ರಲ್ಲಿ ತೈವಾನಿನವರು ಇಲಿಯ ರಜ್ಜಿನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡಿದರು. ಕೋಶಗಳ ಸಂಖ್ಯೆ ಇದರಿಂದ ನೇರವಾಗಿ ಹೆಚ್ಚಲಿಲ್ಲ. ಆದರೆ ಅವುಗಳ ಓಡಾಟ ಹೆಚ್ಚಾಯಿತು, ಏಟು ಬಿದ್ದಾಗ ಬದುಕುಳಿದವೂ ಹೆಚ್ಚಾದವು. ನನಗೆ ಈ ಕೆಲಸ ಇಷ್ಟವಾಯಿತು. ಗಾಯ ವಾಸಿಯಾಗಲು ಕೋಶ ಗಾಯದ ಬಾಯಿಗೆ ನಡೆದುಬರಬೇಕು, ಅದನ್ನು ಒಂದು ವಸ್ತು ಚುರುಕು ಮಾಡುತ್ತದೆ ಎಂದರೆ ಕುತೂಹಲದ ವಿಷಯವೇ. ಹೊಸ ರಕ್ತನಾಳ ಚಿಗುರಿಸುವ ದಾರಿಯನ್ನೂ ಇದು ಎಬ್ಬಿಸುತ್ತದೆ ಎಂಬ ವರದಿಗಳಿವೆ.

ಇಲಿಗಳದ್ದು ಇಷ್ಟಾಯಿತು. ಮನುಷ್ಯರದ್ದು ಎಷ್ಟಿದೆ? ಒಂದು ಮುಷ್ಟಿಯೂ ಇಲ್ಲ. 2015ರಲ್ಲಿ 42 ಆರೋಗ್ಯವಂತರಿಗೆ ಕೊಟ್ಟು ನೋಡುವ ಪ್ರಯೋಗವೊಂದು ನೋಂದಣಿಯಾಯಿತು. ಫಲಿತಾಂಶ ಪ್ರಕಟವಾಗಲೇ ಇಲ್ಲ. 2021ರಲ್ಲಿ ಮೊಣಕಾಲು ನೋವಿಗೆ ಚುಚ್ಚಿಸಿಕೊಂಡಿದ್ದ 16 ಜನರನ್ನು ಆಮೇಲೆ ವಿಚಾರಿಸಿದ ಒಂದು ವರದಿ ಇದೆ. ಹೆಚ್ಚಿನವರು ಕಡಿಮೆ ಆಯಿತು ಎಂದರು. ಚುಚ್ಚಿಸಿಕೊಳ್ಳದವರ ಗುಂಪೇ ಅದರಲ್ಲಿರಲಿಲ್ಲ. 2025ರಲ್ಲಿ ರಕ್ತನಾಳಕ್ಕೆ ಕೊಟ್ಟು ಸುರಕ್ಷತೆ ನೋಡಿದ ಇನ್ನೊಂದು ಬಂತು. ಅದರಲ್ಲಿ ಇದ್ದವರು ಇಬ್ಬರು. ಎರಡು ಸೊನ್ನೆ ಬಿಟ್ಟುಹೋಗಿಲ್ಲ, ಇಬ್ಬರೇ. ಭುಜದ ರಜ್ಜು ಹರಿದವರಿಗೆ ಕೊಟ್ಟು, ಕೊಡದವರೊಂದಿಗೆ ಹೋಲಿಸಿದ ಒಂದೂ ಪ್ರಯೋಗ ನನ್ನ ಕಣ್ಣಿಗೆ ಬಿದ್ದಿಲ್ಲ.

ಔಷಧಿ ಅಂಗಡಿಯವರು ಹೇಳಿದ ಕಲ್ಮಶದ ಬಗ್ಗೆ ಒಂದು ಲೆಕ್ಕ. ಈಗ ಇಂಥ ಮಾಲೆಗಳನ್ನು ಪೋಣಿಸುವುದು ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ತೋರಿಸಿದ ವಿಧಾನದಲ್ಲಿ: ಮೊದಲ ಮಣಿಯನ್ನು ಪುಟ್ಟ ಗೋಲಿಗೆ ಅಂಟಿಸಿ, ಒಂದೊಂದಾಗಿ ಸೇರಿಸುತ್ತಾ, ಪ್ರತಿ ಸಲ ತೊಳೆಯುತ್ತಾ ಹೋಗುವುದು. ಹದಿನೈದು ಮಣಿಗೆ ಹದಿನಾಲ್ಕು ಕೂಡಿಕೆ. ಪ್ರತಿ ಕೂಡಿಕೆ ನೂರಕ್ಕೆ 99 ಸರಿ ಬಂದರೂ ಕೊನೆಗೆ ಸರಿಯಾದ ಮಾಲೆ ನೂರಕ್ಕೆ ಸುಮಾರು 87. ಉಳಿದವು ಮಧ್ಯೆ ಮಣಿ ತಪ್ಪಿದವು. ಅವನ್ನು ಆರಿಸಿ ತೆಗೆಯುವುದಕ್ಕೇ ದುಡ್ಡು, ಹೊತ್ತು ಎಲ್ಲ ಹೋಗುವುದು. ಮನುಷ್ಯರ ಬಳಕೆಗಲ್ಲ ಎಂದು ಬರೆದು ಮಾರುವವನು ಎಷ್ಟು ಆರಿಸಿದನೋ.

ಸಂಕದಾಚೆ

ಮೇಷ್ಟ್ರೇ, ಎರಡು ಸಲ ಓದಿದೆ. ಮೊದಲ ಸಲ ಉಂಬಳದ ತನಕ, ಎರಡನೇ ಸಲ ಪೂರ್ತಿ.

"ಚುಚ್ಚಿಸಿಕೊಳ್ಳದವರ ಗುಂಪೇ ಇರಲಿಲ್ಲ" ಅಂದ್ರಲ್ಲ, ಅಲ್ಲಿ ನನಗೆ ನನ್ನದೇ ಕಥೆ ನೆನಪಾಯ್ತು. ಅಡಿಕೆಗೆ ಎಲೆಚುಕ್ಕಿ ರೋಗ ಜೋರಿದ್ದ ವರ್ಷ ಒಬ್ಬ ಗಾಡಿಯಲ್ಲಿ ಬಂದು ಒಂದು ಕ್ಯಾನು ಮಾರಿದ. ಎಂತದೋ ಹಸಿರು ದ್ರವ, ಸಮುದ್ರದ ಪಾಚಿಯದ್ದೋ ಏನೋ. ಹೋಗ್ಲಿ ಅಂತ ತೋಟ ಪೂರ್ತಿ ಹೊಡೆಸಿದೆ. ಮುಂದಿನ ವರ್ಷ ಸೋಗೆ ಮೇಲೆ ಚುಕ್ಕಿ ಅರ್ಧಕ್ಕರ್ಧ ಕಡಿಮೆ. ನಾನು ಊರಿಗೆಲ್ಲ ಹೇಳಿಕೊಂಡು ಬಂದೆ, ನಾಲ್ಕು ಜನಕ್ಕೆ ಆ ಕ್ಯಾನು ಕೊಡಿಸಿದೆ. ಆಮೇಲೆ ಒಂದಿನ ಕೆಳಗಿನ ಮನೆಯವರ ತೋಟಕ್ಕೆ ಕಾಲುವೆ ವಿಷಯಕ್ಕೆ ಜಗಳ ಆಡೋಕೆ ಹೋಗಿದ್ದೆ. ತಲೆ ಎತ್ತಿ ನೋಡ್ತೀನಿ, ಅವರದ್ದೂ ಕಡಿಮೆ! ಅವರು ಒಂದು ಹನಿ ಹೊಡೆದಿರಲಿಲ್ಲ. ಆ ವರ್ಷ ಮಳೆ ಬಿಟ್ಟು ಬಿಟ್ಟು ಬಂದಿತ್ತು, ಬಿಸಿಲು ಬಿದ್ದಿತ್ತು, ಅಷ್ಟೇ. ಜಗಳ ಆಡೋದು ಬಿಟ್ಟು ವಾಪಸ್ ಬಂದೆ. ಒಂದು ಸಾಲು ಹೊಡೆಯದೆ ಬಿಟ್ಟಿದ್ರೆ ನನಗೇ ಗೊತ್ತಾಗ್ತಿತ್ತು. ಆ ನಾಲ್ಕು ಜನರಲ್ಲಿ ಒಬ್ಬರು ಈಗಲೂ ಆ ಕ್ಯಾನು ತರಿಸ್ತಾರೆ. ನಾನು ಹೇಳಿದ್ದಕ್ಕೆ ಶುರು ಮಾಡಿದ್ದು, ಈಗ ಬೇಡ ಅಂದ್ರೆ ಕೇಳಲ್ಲ.

ಹಂಗಾಗಿ ನೀವು ಹೇಳಿದ್ದು ಅರ್ಥ ಆಯ್ತು. ಆದ್ರೂ ಒಂದು ಅನುಮಾನ. ನಮ್ಮ ಹೊಟ್ಟೆಯಲ್ಲೇ ಇರೋ ವಸ್ತು ಅಂದ್ಮೇಲೆ ಕೆಲಸ ಮಾಡದಿದ್ರೂ ಹಾಳಂತೂ ಮಾಡಲ್ಲ ಅಲ್ವಾ? ಹುಡುಗನ ಮನಸ್ಸಿಗೂ ಸಮಾಧಾನ. ಮತ್ತೆ ಸಕ್ಕರೆ ವಿಷಯ ಯಾರೂ ಹೇಳಲಿಲ್ಲ.

ಹಳೇ ಮೇಷ್ಟ್ರು

ಎಲೆಚುಕ್ಕಿ ಕಥೆ ಮೂವತ್ತು ವರ್ಷ ಮುಂಚೆ ಸಿಕ್ಕಿದ್ದರೆ ನನ್ನ ಪಾಠ ಎಷ್ಟು ಸುಲಭವಾಗುತ್ತಿತ್ತು.

ನಮ್ಮೊಳಗೇ ಇರುವುದು ಎಂಬ ಮಾತಿಗೆ: ಆಕ್ಸಿಟೋಸಿನ್ನೂ ಹಸುವಿನೊಳಗೇ ಇರುವುದು. ಹಾಲಿಳಿಸಲು ದಿನಾ ಸೂಜಿ ಚುಚ್ಚಿದ ಕೊಟ್ಟಿಗೆಗಳ ಗತಿ ಏನಾಯಿತೆಂದು ಪಶುವೈದ್ಯರನ್ನು ಕೇಳಿ. ಎಲ್ಲಿ, ಎಷ್ಟು, ಎಷ್ಟು ಹೊತ್ತು ಎಂಬುದರ ಮೇಲೆ ಎಲ್ಲ ನಿಂತಿದೆ. ಇನ್ಸುಲಿನ್ ನಮ್ಮೊಳಗಿನದೇ, ಹೆಚ್ಚಾದರೆ ಜೀವ ಹೋಗುತ್ತದೆ.

ಸಕ್ಕರೆಯ ವಿಷಯದಲ್ಲಿ ನನಗೆ ಆತಂಕ ಇರುವುದು ಕಣ್ಣಿನ ಬಗ್ಗೆ. ಹೊಸ ರಕ್ತನಾಳ ಚಿಗುರಿಸುತ್ತದೆ ಎಂದು ಹೊಗಳುತ್ತಾರಲ್ಲ, ಬಹಳ ವರ್ಷ ಸಕ್ಕರೆ ಇದ್ದವರ ಕಣ್ಣಿನ ಪರದೆಯ ಮೇಲೆ ಬೇಡದ ರಕ್ತನಾಳ ಚಿಗುರಿ ದೃಷ್ಟಿ ಹೋಗುವುದುಂಟು. ಅದನ್ನು ತಡೆಯಲು ವಿಇಜಿಎಫ್ ಎಂಬ ಸಂದೇಶವನ್ನು ಅಡಗಿಸುವ ಔಷಧಿಯನ್ನು ಕಣ್ಣುಗುಡ್ಡೆಗೇ ಚುಚ್ಚುತ್ತಾರೆ. ಅದೇ ಸಂದೇಶವನ್ನು ಹಿಡಿದುಕೊಳ್ಳುವ ಗ್ರಾಹಕವನ್ನು ಬಿಪಿಸಿ ಚುರುಕುಗೊಳಿಸುತ್ತದೆ ಎಂದು ಪ್ರಯೋಗಶಾಲೆಯ ವರದಿ. ಎಲ್ಲಾದರೂ ಅಡಗಿರುವ ಗೆಡ್ಡೆಗೂ ಬೆಳೆಯಲು ರಕ್ತನಾಳ ಬೇಕು. ಇದು ಕಣ್ಣು ಕೆಡಿಸುತ್ತದೆ ಎಂದು ಯಾರೂ ತೋರಿಸಿಲ್ಲ. ಕೆಡಿಸುವುದಿಲ್ಲ ಎಂದೂ ಯಾರೂ ತೋರಿಸಿಲ್ಲ, ನೋಡಿದವರೇ ಇಲ್ಲವಲ್ಲ. ನೀವು ಈ ವರ್ಷ ಕಣ್ಣಿನ ಪರದೆ ತೋರಿಸಿದ್ದೀರಾ? ಬಾಟಲಿ ಆಚೆ ಇಟ್ಟು ಮೊದಲು ಅದನ್ನು ಮಾಡಿ.

ಸರ್ಕಾರ ಕೊಟ್ಟ ಮದ್ದಾದರೆ ಪರೀಕ್ಷೆ ಬೇಡ ಎಂದೂ ನಾನು ಹೇಳುವವನಲ್ಲ. ನಮ್ಮ ಕಡೆ ಹತ್ತಾರು ವರ್ಷ ಚುಚ್ಚಿದ ಮಂಗನ ಕಾಯಿಲೆಯ ಲಸಿಕೆಯನ್ನೇ ಪರಿಣಾಮ ಸಾಲದು ಎಂದು 2022ರಲ್ಲಿ ನಿಲ್ಲಿಸಿದರಲ್ಲ. ಲೆಕ್ಕ ಇಟ್ಟಿದ್ದರಿಂದ ಸಾಲದು ಎಂಬುದಾದರೂ ತಿಳಿಯಿತು.

ತುಂಗಾತೀರ ಜಿಮ್

ಹಂಗಾದ್ರೆ ನನ್ನ ಮೊಣಕೈ ಹೆಂಗೆ ಸರಿಯಾಯ್ತು ಸರ್? ನಾನೇನು ಸುಳ್ಳು ಹೇಳ್ತಿದೀನಾ?

ವ್ಯಾಯಾಮದಕ್ಕ (ತೀರ್ಥಹಳ್ಳಿ)

ಸುಳ್ಳು ಅಂತ ಯಾರು ಅಂದ್ರು ಮಾರಾಯ. ಆ ಆರು ವಾರ ಜಿಮ್ಮಿಗೆ ಹೋಗ್ತಿದ್ದೆಯಾ?

ತುಂಗಾತೀರ ಜಿಮ್

ಇಲ್ಲ ಅಕ್ಕ. ಕೈಗೆ ರೆಸ್ಟ್ ಕೊಟ್ಟಿದ್ದೆ. ಆಮೇಲೆ ಸಣ್ಣ ತೂಕದಿಂದ ಶುರು ಮಾಡಿದೆ.

ಸರಿ. ಅರ್ಥ ಆಯ್ತು.

ವ್ಯಾಯಾಮದಕ್ಕ

ಅಷ್ಟೇ. ಬೇಜಾರು ಮಾಡ್ಕೋಬೇಡ. ಇಂಜೆಕ್ಷನ್ ಕೆಲಸ ಮಾಡಿಲ್ಲ ಅಂತಲೂ ನಾನು ಹೇಳಲಾರೆ, ಎರಡೂ ಒಟ್ಟಿಗೆ ಮಾಡಿದ್ರೆ ಯಾವುದು ಅಂತ ಹೇಗೆ ಬಿಡಿಸೋದು.

ಸಂಕದಣ್ಣ, ನಾನು ಫಿಸಿಯೋ. ನಮ್ಮಲ್ಲಿಗೆ ಬರೋ ಭುಜಗಳಲ್ಲಿ ಅರ್ಧ ದೋಟಿ (ಅಡಿಕೆ ಗೊನೆ ಇಳಿಸೋ ಉದ್ದ ಕೋಲು) ಹಿಡಿದವರದ್ದು, ಇನ್ನರ್ಧ ಸಕ್ಕರೆಯವರದ್ದು. ನಿಮ್ಮದು ಎರಡೂ. ಇಲಿ ವಿಷಯದಲ್ಲಿ ಒಂದು ಮಾತು: ಪ್ರಯೋಗದ ಇಲಿ ಎಳೇದು, ಆರೋಗ್ಯವಾಗಿರುತ್ತೆ. ರಜ್ಜನ್ನು ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿರ್ತಾರೆ. ಅದು ಮದ್ದಿಲ್ಲದೆಯೂ ಕೆಲವು ವಾರದಲ್ಲಿ ಕೂಡಿಕೊಳ್ಳೋ ಜಾತಿ. ನಿಮ್ಮ ರಜ್ಜು ಮೂವತ್ತು ವರ್ಷ ತಲೆ ಮೇಲೆ ಕೈ ಎತ್ತಿ ಎತ್ತಿ ಸವೆದಿದ್ದು. ಸಂಕದ ಮೇಲೆ ಜಾರಿದ್ದು ಬರೀ ಕೊನೇ ಏಟು. ಸವೆದು ನೋಯೋ ರಜ್ಜಿನಲ್ಲಿ ಹೊಸ ರಕ್ತನಾಳ ಆಗಲೇ ಬೇಕಾದಷ್ಟು ನುಗ್ಗಿರುತ್ತೆ, ಜೊತೆಗೆ ನರದ ಎಳೆಗಳೂ. ನೋವಿಗೆ ಅದೂ ಒಂದು ಕಾರಣ ಅಂತಾರೆ. ಹಂಗಾಗಿ ಇನ್ನಷ್ಟು ರಕ್ತನಾಳ ಬಂದ್ರೆ ಒಳ್ಳೇದು ಅನ್ನೋದು ಅಷ್ಟು ಸಲೀಸಲ್ಲ.

ರಜ್ಜಿಗೆ ಗೊತ್ತಿರೋ ಭಾಷೆ ಭಾರ ಒಂದೇ. ಮೆಲ್ಲಗೆ ಎಳೆದ್ರೆ ಒಳಗಿನ ಎಳೆಗಳು ಎಳೆದ ದಿಕ್ಕಿಗೆ ಸಾಲಾಗಿ ಕೂರ್ತವೆ. ಏನೂ ಮಾಡದೆ ಕೈ ಎದೆಗೆ ಕಟ್ಕೊಂಡು ಕೂತ್ರೆ ಸಕ್ಕರೆಯವರಿಗೆ ಭುಜ ಗಟ್ಟಿ ಹಿಡ್ಕೊಂಡುಬಿಡುತ್ತೆ, ಆಮೇಲೆ ವರ್ಷಗಟ್ಟಲೆ. ನಿಮಗೆ ಹೇಳಿಕೊಟ್ಟಿರೋದು ಮಾಡ್ತಿದೀರಾ? ನಿಜ ಹೇಳಿ.

ಸಂಕದಾಚೆ

ನಿಜ ಹೇಳ್ಬೇಕಂದ್ರೆ ನಾಲ್ಕು ದಿನ ಮಾಡಿ ಬಿಟ್ಟೆ. ಶಿವಮೊಗ್ಗದಲ್ಲಿ ಒಂದು ರಾಟೆ, ಹಗ್ಗ ಕಟ್ಟಿ ಕೈ ಎತ್ತಿಸಿದ್ರು. ಅಷ್ಟಕ್ಕೆ ಬಸ್ಸು ಹತ್ತಿ ಅಲ್ಲಿ ತನಕ ಹೋಗೋದೆಂತಕೆ ಅನ್ನಿಸ್ತು.

ವ್ಯಾಯಾಮದಕ್ಕ

ನಿಮ್ಮನೆ ಬಾವಿಗೆ ರಾಟೆ ಇಲ್ವಾ?

ಸಂಕದಾಚೆ (ಕಾರ್ತಿಕದಲ್ಲಿ ಬರೆದದ್ದು)

ವಿಷಯ ಎಂತಾಯ್ತು ಅಂತ ಇಬ್ಬರು ಕೇಳಿದ್ರು, ಹಂಗಾಗಿ ಬರೀತಿದೀನಿ.

ಬಾವಿ ರಾಟೆ ಇತ್ತು. ಪಂಪು ಬಂದ ಮೇಲೆ ಯಾರೂ ಮುಟ್ಟಿರಲಿಲ್ಲ, ಜೇಡ ಮನೆ ಕಟ್ಟಿತ್ತು. ಎಣ್ಣೆ ಬಿಟ್ಟು ಹಗ್ಗ ಹಾಕಿ, ಎಡಗೈಲಿ ಒಂದು ತುದಿ ಎಳೆದು ಬಲಗೈ ಮೇಲೇರಿಸೋದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ರಾಟೆ ಕಿರ್ ಅನ್ನುತ್ತೆ, ಅದಕ್ಕೆ ಸರಿಯಾಗಿ ನಾನೂ ಕಿರ್ ಅನ್ನುತ್ತೀನಿ ಅಂತ ಮಗಳು ನಗ್ತಾಳೆ. ಮತ್ತೊಂದು, ಗೋಡೆ ಮೇಲೆ ಬೆರಳು ಹತ್ತಿಸೋದು. ಅಡುಗೆ ಮನೆ ಗೋಡೇಲಿ ಮಗಳು ಸಣ್ಣವಳಿದ್ದಾಗ ಎತ್ತರ ಅಳೆದು ಪೆನ್ಸಿಲಿನಲ್ಲಿ ಗೆರೆ ಹಾಕಿದ ಜಾಗ ಇದೆ. ಅದರ ಪಕ್ಕದಲ್ಲೇ ನನ್ನ ಬೆರಳಿನ ಗೆರೆ. ಶುರುವಿನಲ್ಲಿ ಅವಳ ಏಳನೇ ಕ್ಲಾಸಿನ ಗೆರೆ ಮುಟ್ಟೋಕೆ ಬೆವರು ಬರ್ತಿತ್ತು.

ಮೂರನೇ ವಾರ ಒಂದು ಬೆಳಿಗ್ಗೆ ಎದ್ದಾಗ ಬಲಮಗ್ಗುಲಲ್ಲಿದ್ದೆ. ಯಾವಾಗ ಹೊರಳಿದ್ದೆನೋ ಗೊತ್ತೇ ಆಗಿಲ್ಲ. ಕೂತು ಲೆಕ್ಕ ಹಾಕಿದೆ. ಚೌತಿ ದಿನವೇ ಆ ಸೂಜಿ ಶುರು ಮಾಡಿದ್ರೆ ಸರಿಯಾಗಿ ಆ ಹೊತ್ತಿಗೆ ಒಂದು ಬಾಟಲಿ ಖಾಲಿಯಾಗಿರ್ತಿತ್ತು. ನಾನು ಸುಮ್ಮನಿರೋ ಮನುಷ್ಯ ಅಲ್ಲ. ನಗರದಿಂದ ರಿಪ್ಪನ್‌ಪೇಟೆ ತನಕ ಹೇಳ್ಕೊಂಡು ಬರ್ತಿದ್ದೆ, ಇನ್ನು ನಾಲ್ಕು ಜನಕ್ಕೆ ಕೊಡಿಸ್ತಿದ್ದೆ. ಕ್ಯಾನಿನ ಕಥೆಯೇ.

ಪೂರ್ತಿ ಸರಿಯಾಗಿಲ್ಲ. ಎದೆ ಮಟ್ಟದಿಂದ ಮೇಲೆ ಭಾರ ಎತ್ತಿದ್ರೆ ಈಗಲೂ ಚುಳ್ ಅನ್ನುತ್ತೆ. ನಾಗಂದಿಗೆಯ ಮುಂದಿನ ಸಾಲಿನ ಡಬ್ಬಿ ತೆಗೀತೀನಿ, ಹಿಂದಿನದು ಇನ್ನೂ ಸಿಗಲ್ಲ. ಎಚ್‌ಬಿಎ1ಸಿ 7.6ಕ್ಕೆ ಇಳಿದಿದೆ. ಕಣ್ಣು ತೋರಿಸಿದೆ ಮೇಷ್ಟ್ರೇ. ಪರದೆ ಮೇಲೆ ಸಣ್ಣ ಚುಕ್ಕಿಗಳು ಶುರುವಾಗಿವೆಯಂತೆ, ಆರು ತಿಂಗಳಿಗೊಮ್ಮೆ ಬನ್ನಿ ಅಂದಿದಾರೆ. ಎಲೆಗೂ ಚುಕ್ಕಿ, ಕಣ್ಣಿಗೂ ಚುಕ್ಕಿ. ನೀವು ಹೇಳದಿದ್ರೆ ನಾನು ಹೋಗ್ತಿರಲಿಲ್ಲ.

ದೀಪಾವಳಿಗೆ ಹುಡುಗ ಬಂದಾಗ ಬಾಟಲಿ ಎರಡೂ ವಾಪಸ್ ಕೊಟ್ಟೆ, ಮುಚ್ಚಳ ತೆಗೆದಿರಲಿಲ್ಲ. ಸ್ವಲ್ಪ ಮುಖ ಸಣ್ಣ ಮಾಡಿದ. "ನೀನೇ ರಾಟೆ ಎಳೆದು ನೋಡು ಬಾ" ಅಂತ ಬಾವಿ ಕಟ್ಟೆಗೆ ಕರ್ಕೊಂಡು ಹೋದೆ. ಅವನಿಗೂ ಒಂದು ಭುಜ ಪೂರ್ತಿ ಮೇಲೇರಲ್ಲ ಅಂತ ಅವತ್ತು ಗೊತ್ತಾಯ್ತು. ಬಾಟಲಿ ಅವನೇನು ಮಾಡಿದನೋ ನಾನು ಕೇಳಿಲ್ಲ.

ಈ ವರ್ಷ ದೋಟಿ ನಾನು ಹಿಡಿಯೋ ಹಾಗಿಲ್ಲ. ನಮ್ಮ ಕಡೆ ಅಡಿಕೆ ಕೊನೆ ತೆಗೆಯೋರು ಯಾರಾದ್ರೂ ಬಿಡುವಿದ್ರೆ ಹೇಳಿ, ಎರಡು ದಿನದ ಕೆಲಸ ಇದೆ. ಊಟ, ಕಾಫಿ ನಮ್ಮನೇಲೇ. ಸಂಕಕ್ಕೆ ಈಗ ಸಿಮೆಂಟ್ ಹಾಕಿಸಿದೀನಿ.